ಸಿಸ್ಟರ್ ಹಿಲ್ಕೆ ಕೊಟ್ಟ ಸಾಕ್ಷಿ

ಬ್ರೆಮೆನ್ ಊರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಮೂರನೇ ಮಹಡಿಯ ವಾರ್ಡನ್ನು ಇಪ್ಪತ್ತಾರು ವರ್ಷ ಆಳಿದವಳು ಹಿಲ್ಕೆ ಓಲ್ಟ್‌ಮನ್ಸ್. ಆಳಿದಳು ಎಂದರೆ ದೊಡ್ಡ ಮಾತೇನಲ್ಲ. ಚಾದರದ ಒಂದು ಮೂಲೆ ಸುಕ್ಕಾಗಿದ್ದರೆ ಇಡೀ ಹಾಸಿಗೆಯನ್ನು ಬಿಚ್ಚಿ ಮತ್ತೆ ಹಾಕಿಸುತ್ತಿದ್ದಳು. ಹೊಸದಾಗಿ ಬಂದ ಡಾಕ್ಟರುಗಳು ಅವಳ ಕೋಣೆಯ ಬಾಗಿಲು ತಟ್ಟಿ ಒಳಗೆ ಬರುತ್ತಿದ್ದರು. ಮೊಮ್ಮಕ್ಕಳನ್ನು ಕಂಡ ನರ್ಸುಗಳೂ ಅವಳೆದುರು ಕೈಯನ್ನು ಜೇಬಿನಿಂದ ಹೊರಗೆ ತೆಗೆಯುತ್ತಿದ್ದರು. ಆದರೂ ಅವಳನ್ನು ದ್ವೇಷಿಸಿದವರು ಕಡಿಮೆ. ರಜೆ ಬೇಕಾದಾಗ ಕೊಡಿಸುತ್ತಿದ್ದಳು, ಸತ್ತವರ ಮನೆಯವರಿಗೆ ತಾನೇ ಟೀ ಮಾಡಿ ಕೊಡುತ್ತಿದ್ದಳು.

ನಿವೃತ್ತಳಾಗಿ ಎರಡು ವರ್ಷ ಕಳೆದ ಮೇಲೆ, 2005ರ ಮಾರ್ಚ್ ತಿಂಗಳಲ್ಲಿ, ಅವಳ ಮನೆಗೆ ಒಂದು ಲಕೋಟೆ ಬಂತು. ಆಸ್ಪತ್ರೆ ಕೆಲಸಗಾರರಿಗೆ ಕೆಲಸದಿಂದ ಆಗುವ ಕಾಯಿಲೆ ಗಾಯಗಳ ವಿಮೆ ನೋಡಿಕೊಳ್ಳುವ ಸಂಸ್ಥೆಯ ಪತ್ರ ಅದು. ‘ತಮ್ಮ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದ ಶ್ರೀಮತಿ ಮಾರೈಕೆ ಡೀರ್ಕ್ಸ್ ಅವರಿಗೆ ಹೆಪಟೈಟಿಸ್ ಸಿ ಸೋಂಕು ಇರುವುದು ಪತ್ತೆಯಾಗಿದೆ. 1993ರ ಫೆಬ್ರವರಿಯಲ್ಲಿ ಒಬ್ಬ ರೋಗಿಯ ರಕ್ತ ತೆಗೆಯುವಾಗ ಸೂಜಿ ಚುಚ್ಚಿಕೊಂಡದ್ದಾಗಿಯೂ, ಕೂಡಲೇ ತಮಗೆ ತಿಳಿಸಿದ್ದಾಗಿಯೂ ಅವರು ಹೇಳುತ್ತಾರೆ. ಅಪಘಾತದ ರಿಜಿಸ್ಟರಿನಲ್ಲಿ ಆ ಬಗ್ಗೆ ಏನೂ ಇಲ್ಲ. ತಮಗೆ ನೆನಪಿರುವುದನ್ನು ಬರೆದು ತಿಳಿಸಬೇಕು.’

ಹಿಲ್ಕೆ ಪತ್ರವನ್ನು ಎರಡು ಸಲ ಓದಿದಳು. ಆಮೇಲೆ ಟೀಗೆ ನೀರಿಟ್ಟಳು.

ಅವಳ ಗಂಡ ಎನ್ನೊ ಮೂವತ್ತು ವರ್ಷ ಟ್ರಾಮ್ ಓಡಿಸಿದವನು. ಯಾರ ಮುಖದ ಬಣ್ಣ ಬದಲಾದರೂ ಎದುರಿನ ಕನ್ನಡಿಯಲ್ಲಿ ನೋಡಿದಂತೆ ಅವನಿಗೆ ಕಾಣುತ್ತಿತ್ತು.

“ಯಾರದ್ದೇ ಅದು?” ಎಂದು ಕೇಳಿದ.

“ಆಸ್ಪತ್ರೆದು. ಹಳೇ ವಿಷಯ.”

“ಹಳೇ ವಿಷಯಕ್ಕೆ ಕಪ್ಪಿಗೆ ಸಕ್ಕರೆ ಬದ್ಲು ಉಪ್ಪು ಹಾಕ್ತಿದ್ದೀಯಾ?”

ಅವಳು ಉಪ್ಪಿನ ಡಬ್ಬಿಯನ್ನು ಕೆಳಗಿಟ್ಟು ಕಲ್ಲುಸಕ್ಕರೆಯನ್ನು ತೆಗೆದುಕೊಂಡಳು.

ಎಲ್ಲವೂ ನೆನಪಿತ್ತು. ಅದೊಂದು ಭಾನುವಾರ, ಮಧ್ಯಾಹ್ನದ ಊಟದ ಗಾಡಿ ಆಗತಾನೇ ಲಿಫ್ಟಿನಿಂದ ಹೊರಗೆ ಬಂದಿತ್ತು. ಏಳನೇ ಕೋಣೆಯಲ್ಲಿ ಬೋಮ್ ಎಂಬ ಮುದುಕ ಇದ್ದ. ಹಡಗುಕಟ್ಟೆಯಲ್ಲಿ ವೆಲ್ಡಿಂಗ್ ಮಾಡುತ್ತಿದ್ದವನು. ಕಣ್ಣು, ಚರ್ಮ ಎಲ್ಲ ಹಳದಿ, ಹೊಟ್ಟೆ ಉಬ್ಬಿತ್ತು, ಬೆಳಿಗ್ಗೆಯಿಂದ ರಕ್ತ ಕಾರುತ್ತಿದ್ದ. ಮಾರೈಕೆ ಅವನ ರಕ್ತ ತೆಗೆಯಲು ಹೋಗಿದ್ದಳು. ಆಗವಳಿಗೆ ಇಪ್ಪತ್ತೊಂಬತ್ತು, ನಡೆಯುವಾಗಲೂ ಗುನುಗುವ ಅಭ್ಯಾಸದವಳು. ಹತ್ತು ನಿಮಿಷದ ನಂತರ ಅವಳು ಹಿಲ್ಕೆಯ ಕೋಣೆಯ ಬಾಗಿಲಲ್ಲಿ ಎಡಗೈ ಹೆಬ್ಬೆರಳಿನ ಬುಡವನ್ನು ಬಲಗೈಯಲ್ಲಿ ಹಿಡಿದು ನಿಂತಿದ್ದಳು.

“ಸಿಸ್ಟರ್, ಅವ್ರು ಕೈ ಎಳ್ಕೊಂಡ್ರು. ಸೂಜಿ ನನಗೇ ಚುಚ್ತು. ಸ್ವಲ್ಪ ಆಳಕ್ಕೇ ಹೋಗಿದೆ.”

“ತೊಳೆದ್ಯಾ?”

“ತೊಳೆದೆ. ಸ್ಪಿರಿಟ್ ಹಾಕಿದೆ. ರಿಜಿಸ್ಟರಲ್ಲಿ ಬರೀಬೇಕಲ್ವಾ?”

ರಿಜಿಸ್ಟರು ಹಿಲ್ಕೆಯ ಮೇಜಿನ ಮೇಲಿನ ಖಾನೆಯಲ್ಲಿತ್ತು. ಅದರಲ್ಲಿ ಐದು ವರ್ಷಗಳಿಂದ ಒಂದು ಅಕ್ಷರವೂ ಬಿದ್ದಿರಲಿಲ್ಲ. ಐದು ವರ್ಷ ಒಂದೂ ಅಪಘಾತ ಇಲ್ಲದ ವಾರ್ಡು ಎಂದು ಮಂಗಳವಾರ ಆಡಳಿತ ಮಂಡಳಿಯವರು ಬಂದು ಪ್ರಶಸ್ತಿಪತ್ರ ಕೊಡುವವರಿದ್ದರು. ಕೇಕಿಗೂ ಹೇಳಿಯಾಗಿತ್ತು. ಹಾಗಂತ ಐದು ವರ್ಷದಲ್ಲಿ ಯಾರಿಗೂ ಸೂಜಿ ಚುಚ್ಚಿರಲಿಲ್ಲ ಎಂದಲ್ಲ. ಸೂಜಿಗೆ ಮುಚ್ಚಳ ಹಾಕುವಾಗ ವಾರಕ್ಕೊಬ್ಬರಾದರೂ ಚುಚ್ಚಿಕೊಳ್ಳುತ್ತಿದ್ದರು, ಹಿಲ್ಕೆಯೂ ಚುಚ್ಚಿಕೊಂಡಿದ್ದಳು. ಬರೆಯುವ ಅಭ್ಯಾಸ ಇರಲಿಲ್ಲ, ಅಷ್ಟೆ.

“ಚುಚ್ಚಿದ್ದನ್ನೆಲ್ಲ ಬರೀತಾ ಕೂತ್ರೆ ಊಟ ಯಾರು ಬಡಿಸ್ತಾರೆ? ಹೋಗು, ಸೂಪ್ ಆರಿಹೋಗುತ್ತೆ,” ಎಂದಿದ್ದಳು ಹಿಲ್ಕೆ.

ಬುಧವಾರ ಮಾರೈಕೆ ಮತ್ತೊಮ್ಮೆ ಕೇಳಿದಳು, ಎಲ್ಲರೂ ಕಾಫಿಗೆ ಕೂತಿದ್ದಾಗ. ಗೋಡೆಯ ಮೇಲೆ ಹೊಸ ಪ್ರಶಸ್ತಿಪತ್ರ ತೂಗುತ್ತಿತ್ತು. ಹಿಲ್ಕೆ ನಗುತ್ತಲೇ, “ಇನ್ನೂ ಆ ಹೆಬ್ಬೆರಳಿನ ಚಿಂತೇನಾ? ಬೇಕಾದ್ರೆ ಅದಕ್ಕೊಂದು ಹಾಸಿಗೆ ಹಾಕಿಸ್ತೀನಿ, ಐದನೇ ಕೋಣೆ ಖಾಲಿ ಇದೆ,” ಎಂದಳು. ಎಲ್ಲರೂ ನಕ್ಕರು. ಮಾರೈಕೆಯೂ ನಕ್ಕಳು. ಆಮೇಲೆ ಅವಳು ಆ ಮಾತೆತ್ತಲಿಲ್ಲ.

ಇಷ್ಟೇ ಆಗಿದ್ದರೆ ಹಿಲ್ಕೆ ಪತ್ರಕ್ಕೆ ಉತ್ತರ ಬರೆದೇಬಿಡುತ್ತಿದ್ದಳೇನೋ. ಆದರೆ ಗುರುವಾರ ಬೋಮನ ರಕ್ತದ ವರದಿ ಬಂದಿತ್ತು. ಹೆಪಟೈಟಿಸ್ ಸಿ ಪರೀಕ್ಷೆ ಆಗಿನ್ನೂ ಹೊಸದು. ಹೆಸರಿನ ಮುಂದೆ ‘ಪಾಸಿಟಿವ್’ ಎಂದಿತ್ತು. ಹಿಲ್ಕೆ ಆ ಹಾಳೆಯನ್ನು ಕೈಯಲ್ಲಿ ಹಿಡಿದು ಕಿಟಕಿಯ ಹತ್ತಿರ ನಿಂತಳು. ನೂರು ಜನರಿಗೆ ಚುಚ್ಚಿದರೆ ಮೂರು ಜನರಿಗೆ ಅಂಟಬಹುದು, ಅಂಟಿದರೂ ಅದಕ್ಕೆ ಇಂಥದೇ ಅನ್ನುವ ಮದ್ದಿಲ್ಲ, ಸುಮ್ಮನೆ ಹುಡುಗಿಯನ್ನು ಹೆದರಿಸಿ ಏನು ಪ್ರಯೋಜನ ಎಂದುಕೊಂಡಳು. ಹಾಳೆಯನ್ನು ರೋಗಿಯ ಕಡತದಲ್ಲಿ ಇಟ್ಟಳು. ಮುಂದಿನ ವಾರ ಬೋಮ್ ಸತ್ತ. ಕಡತ ನೆಲಮಾಳಿಗೆಗೆ ಹೋಯಿತು. ಹತ್ತು ವರ್ಷದ ನಂತರ ನಿಯಮದಂತೆ ಅದನ್ನು ನಾಶಮಾಡಿದರು.

ಈಗ ಸಂಸ್ಥೆಯವರು ಕೊಟ್ಟ ಹಾಳೆಯಲ್ಲಿ, ತನ್ನ ದುಂಡಗಿನ ಅಕ್ಷರಗಳಲ್ಲಿ, ಹಿಲ್ಕೆ ಬರೆದಳು: ‘ಇಂಥ ಘಟನೆ ನನಗೆ ನೆನಪಿಲ್ಲ.’ ಸಹಿ ಮಾಡಿ, ಮೂಲೆಯ ಅಂಚೆಪೆಟ್ಟಿಗೆಗೆ ತಾನೇ ಹೋಗಿ ಹಾಕಿ ಬಂದಳು.

*

ಜೂನ್ ತಿಂಗಳ ಒಂದು ಶನಿವಾರ ಸಂತೆಯಲ್ಲಿ ಆಸ್ಪರಾಗಸ್ ತರಕಾರಿ ಕೊಳ್ಳುತ್ತಿದ್ದಾಗ ಯಾರೋ “ಸಿಸ್ಟರ್ ಹಿಲ್ಕೆ” ಎಂದು ಕರೆದರು. ತಿರುಗಿ ನೋಡಿದಳು. ತಲೆಗೆ ಬಟ್ಟೆ ಕಟ್ಟಿಕೊಂಡ, ಬೇಸಿಗೆಯಲ್ಲೂ ಉಣ್ಣೆಯ ಕೋಟು ತೊಟ್ಟ ಒಬ್ಬ ಹೆಂಗಸು. ಅದು ಮಾರೈಕೆ ಎಂದು ಗುರುತಿಸಲು ಒಂದು ಕ್ಷಣ ಹಿಡಿಯಿತು.

“ಗುರುತು ಸಿಗ್ಲಿಲ್ಲ ಅಲ್ವಾ? ಕನ್ನಡಿ ನೋಡಿದ್ರೆ ನಂಗೂ ಸಿಗಲ್ಲ,” ಎಂದು ಮಾರೈಕೆ ನಕ್ಕಳು.

“ಏನಾಯ್ತೇ ನಿನಗೆ?” ಎಂದಳು ಹಿಲ್ಕೆ.

“ನಿಮಗೆ ಪತ್ರ ಬಂದಿರ್ಬೇಕಲ್ಲ. ಅರ್ಜಿ ತಿರಸ್ಕಾರ ಆಯ್ತು. ಫೆನ್ಯಾ ಹುಟ್ಟಿದಾಗ ನಂಗೆ ರಕ್ತ ಏರಿಸಿದ್ರು, ಎಂಬತ್ತಾರರಲ್ಲಿ. ಆಗ ರಕ್ತಾನ ಯಾರು ಪರೀಕ್ಷೆ ಮಾಡ್ತಿದ್ರು? ಅಲ್ಲಿಂದ್ಲೇ ಬಂದಿರ್ಬಹುದು, ಕೆಲಸದಿಂದ ಅನ್ನೋಕೆ ಆಧಾರ ಇಲ್ಲ ಅಂತಾರೆ. ನಿಮ್ಮ ಉತ್ತರಾನೂ ನೋಡ್ದೆ. ತಪ್ಪು ತಿಳೀಬೇಡಿ ಸಿಸ್ಟರ್, ನಂಗೆ ಬೇಜಾರಿಲ್ಲ. ಎಷ್ಟು ಹುಡುಗೀರು ನಿಮ್ಮ ಕೈಕೆಳಗೆ ಬಂದು ಹೋದ್ರು. ಒಬ್ಬಳ ಹೆಬ್ಬೆರಳು ನೆನಪಿರೋಕೆ ಸಾಧ್ಯಾನಾ?”

ಅವಳು ಬೈದಿದ್ದರೆ ಹಿಲ್ಕೆಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಅವಳ ಚೀಲವನ್ನು ಕೈಯಿಂದ ಕಸಿದುಕೊಂಡು, “ನಡಿ, ಮನೆವರೆಗೂ ಬರ್ತೀನಿ,” ಎಂದಳು.

ಮನೆ ನಾಲ್ಕನೇ ಮಹಡಿಯಲ್ಲಿತ್ತು. ಮಾರೈಕೆ ಪ್ರತಿ ಮಹಡಿಯಲ್ಲೂ ಕಿಟಕಿಯ ಕಟ್ಟೆಗೆ ಒರಗಿ ನಿಲ್ಲುತ್ತಿದ್ದಳು. ಒಳಗೆ ಹೋದಾಗ ಮಗಳು ಫೆನ್ಯಾ ಅಡುಗೆಮನೆಯಲ್ಲಿ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದಳು. ಶಾಲೆಯ ಕೊನೇ ಪರೀಕ್ಷೆ ಮುಗಿಸಿದ ಹುಡುಗಿ. ಹಿಲ್ಕೆಯ ಹೆಸರು ಕೇಳುತ್ತಲೇ ಅವಳ ಕೈ ನಿಂತಿತು.

“ನೆನಪಿಲ್ಲ ಅಂತ ಬರೆದೋರು ಇವ್ರೇನಾ?”

“ಫೆನ್ಯಾ,” ಎಂದಳು ತಾಯಿ.

“ಕೇಳ್ದೆ ಅಷ್ಟೆ,” ಎಂದು ಹುಡುಗಿ ತಟ್ಟೆ ಎತ್ತಿಕೊಂಡು ತನ್ನ ಕೋಣೆಗೆ ಹೋದಳು.

ಮಾರೈಕೆ ಹಾಲು ತೆಗೆಯಲು ಫ್ರಿಜ್ ತೆರೆದಾಗ, ಬೆಣ್ಣೆಯ ಪಕ್ಕದಲ್ಲಿ ಇಂಜೆಕ್ಷನ್ನಿನ ಡಬ್ಬಿಗಳನ್ನು ಹಿಲ್ಕೆ ಕಂಡಳು. ವಾರಕ್ಕೊಂದರಂತೆ ನಲವತ್ತೆಂಟು ವಾರದ ಚಿಕಿತ್ಸೆ; ಜೊತೆಗೆ ದಿನಾ ಮಾತ್ರೆ. ಐದು ವಾರ ಮುಗಿದಿತ್ತು. ಶುಕ್ರವಾರ ಸಂಜೆ ಚುಚ್ಚಿಕೊಂಡರೆ ಜ್ವರ, ನಡುಕ ಶನಿವಾರ ಭಾನುವಾರಕ್ಕೆ ಬೀಳುತ್ತಿತ್ತು, ಸೋಮವಾರ ಕೆಲಸಕ್ಕೆ ಹೋಗಬಹುದಿತ್ತು. ಈ ವಾರ ಮಾತ್ರ ಅದು ಇನ್ನೂ ಆಗಿರಲಿಲ್ಲ. ಕೆಲಸ ಎಂದರೆ ವಾರ್ಡಿನದಲ್ಲ. ಕಾಯಿಲೆ ಗೊತ್ತಾದ ಮೇಲೆ ಅವಳನ್ನು ನೆಲಮಾಳಿಗೆಯ ಕಡತಗಳ ಕೋಣೆಗೆ ಹಾಕಿದ್ದರು. ಕ್ಯಾಂಟೀನಿನಲ್ಲಿ ಅವಳು ಕೂತ ಮೇಜಿಗೆ ಹಳೆಯ ಗೆಳತಿಯರು ಬರುತ್ತಿದ್ದರು, ಆದರೆ ಅವಳ ತಟ್ಟೆಯಿಂದ ಮೊದಲಿನಂತೆ ಒಂದು ತುಂಡು ಆಲೂಗಡ್ಡೆ ಕದಿಯುತ್ತಿರಲಿಲ್ಲ.

“ಅವ್ರೂ ನರ್ಸುಗಳೇ,” ಎಂದಳು ಮಾರೈಕೆ. “ತಟ್ಟೆಯಿಂದ ಬರಲ್ಲ ಅಂತ ಅವ್ರಿಗೆ ಗೊತ್ತು. ಆದ್ರೂ ಕೈ ಹಿಂದೆ ಹೋಗುತ್ತೆ. ಯೋರ್ನ್ ಕೂಡ ಅಷ್ಟೆ. ಒಳ್ಳೇ ಮನುಷ್ಯ, ನನ್ ಗಂಡ. ಆದ್ರೆ ಬೇರೆ ಟವೆಲ್ ತಂದಿಟ್ಟಿದ್ದಾನೆ, ಬೇರೆ ಕೋಣೇಲಿ ಮಲಗ್ತಾನೆ. ನನಗೆ ನಿದ್ದೆ ಬರ್ಲಿ ಅಂತಂತೆ.”

ಆಮೇಲೆ ಅವಳು ನಾಚಿಕೊಂಡವಳಂತೆ ಹೇಳಿದಳು: “ಸಾವಿರಾರು ಜನಕ್ಕೆ ಚುಚ್ಚಿದ ಕೈ ಇದು. ಐದು ವಾರ ಹೇಗೋ ಚುಚ್ಕೊಂಡೆ, ಈಗ ನನ್ನ ಹೊಟ್ಟೆಗೆ ಚುಚ್ಚೋಕೆ ಮಾತ್ರ ಆಗ್ತಿಲ್ಲ. ನಿನ್ನೆ ಒಂದು ಗಂಟೆ ಸೂಜಿ ಹಿಡ್ಕೊಂಡು ಕೂತಿದ್ದೆ, ಆಮೇಲೆ ಫ್ರಿಜ್‌ಗೆ ವಾಪಸ್ ಇಟ್ಟೆ.”

“ಶುಕ್ರವಾರ ನಾನು ಬರ್ತೀನಿ,” ಎಂದಳು ಹಿಲ್ಕೆ. “ಈ ವಾರದ್ದು ಈಗ್ಲೇ ಕೊಡ್ತೀನಿ. ಅಂಗಿ ಎತ್ತು.”

*

ಅಲ್ಲಿಂದ ಮುಂದೆ ಪ್ರತಿ ಶುಕ್ರವಾರ ಸಂಜೆ ಆರಕ್ಕೆ ಹಿಲ್ಕೆ ಆ ನಾಲ್ಕು ಮಹಡಿ ಹತ್ತುತ್ತಿದ್ದಳು. ಕೈ ತೊಳೆದು, ಸೂಜಿಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ, ಹೊಕ್ಕಳಿನ ಪಕ್ಕದಲ್ಲಿ ಚರ್ಮ ಹಿಡಿದು ಚುಚ್ಚುತ್ತಿದ್ದಳು. ಹಿಂದೆ ಒಂದು ಸಾಲು ಬರೆಯಲು ಬಿಡದ ತಾನು ಈಗ ಎಷ್ಟು ಮಾಡಿದರೂ ಕಡಿಮೆಯೇ ಎಂದು ಅವಳಿಗೆ ಗೊತ್ತಿತ್ತು. ಆದರೂ ಪ್ರತಿ ಶುಕ್ರವಾರ ಮೆಟ್ಟಿಲಿಳಿಯುವಾಗ ಎದೆಯ ಭಾರ ಸ್ವಲ್ಪ ಇಳಿದಂತೆ ಅನಿಸುತ್ತಿತ್ತು. ಮನೆ ತಲುಪುವಷ್ಟರಲ್ಲಿ ಅದು ಮತ್ತೆ ಏರಿರುತ್ತಿತ್ತು.

ಮದ್ದು ಕಾಯಿಲೆಗಿಂತ ಕ್ರೂರಿಯಾಗಿತ್ತು. ಮಾರೈಕೆಯ ಕೂದಲು ಮುಷ್ಟಿಗಟ್ಟಲೆ ಬಂತು. ಬಾಯಿಯಲ್ಲಿ ಯಾವಾಗಲೂ ಕಬ್ಬಿಣದ ರುಚಿ ಎನ್ನುತ್ತಿದ್ದಳು. ಹಿಲ್ಕೆ ಮಾಡಿ ತಂದ ಕೋಸು, ಸಾಸೇಜಿನ ಡಬ್ಬಿಯ ಮುಚ್ಚಳ ತೆಗೆಯುತ್ತಲೇ ಎದ್ದು ಹೋಗಿ ವಾಂತಿ ಮಾಡಿದಳು. ಗುನುಗುವುದು ನಿಂತು ಯಾವ ಕಾಲವಾಗಿತ್ತೋ. ಅದರ ಬದಲು ಸಿಟ್ಟು ಬರುತ್ತಿತ್ತು. ಎಲ್ಲಿಂದ ಬರುತ್ತದೆ, ಯಾರ ಮೇಲೆ ಬರುತ್ತದೆ ಎಂದು ಅವಳಿಗೇ ತಿಳಿಯುತ್ತಿರಲಿಲ್ಲ. ಒಂದು ಶುಕ್ರವಾರ ಗಂಡ ಬಾಗಿಲನ್ನು ಜೋರಾಗಿ ಹಾಕಿದನೆಂದು ಟೀ ಕಪ್ಪನ್ನು ಗೋಡೆಗೆ ಎಸೆದಳು. ಆಮೇಲೆ ನೆಲದ ಮೇಲೆ ಕೂತು ಚೂರುಗಳನ್ನು ಆರಿಸುತ್ತಾ ಅತ್ತಳು. ಹಿಲ್ಕೆ ಅವಳ ಕೈಯಿಂದ ಚೂರುಗಳನ್ನು ಬಿಡಿಸಬೇಕಾಯಿತು. “ಬರಿಗೈಲಿ ಮುಟ್ಬೇಡಿ, ನಂಗೆ ರಕ್ತ ಬಂದಿದೆ, ದೂರ ಹೋಗಿ,” ಎಂದು ಮಾರೈಕೆ ಕಿರುಚಿದಳು. ಹಿಲ್ಕೆ ಹೋಗಲಿಲ್ಲ.

ಎನ್ನೊ ಒಂದು ದಿನ ಕೇಳಿದ, “ಪ್ರತಿ ಶುಕ್ರವಾರ ಹೋಗ್ತೀಯ. ಬರುವಾಗ ಸೋತು ಬರ್ತೀಯ. ಪುಣ್ಯ ಮಾಡಿ ಬಂದವರ ಮುಖ ಹೀಗಿರಲ್ಲ. ಏನು ಮಾಡ್ಕೊಂಡಿದ್ದೀಯೆ ನೀನು?”

ಅವಳು ಹೇಳಿಬಿಟ್ಟಳು. ಎನ್ನೊ ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟ.

“ಆ ವರದಿ ಬಂದಾಗ ಹೇಳಿದ್ರೆ ಅವಳು ಬದುಕಿನಲ್ಲಿ ಏನಾದ್ರೂ ಬೇರೆ ಮಾಡ್ತಿದ್ಲಾ?” ಎಂದು ಕೇಳಿದ.

“ಹನ್ನೊಂದು ವರ್ಷ ಮುಂಚೆ ಗೊತ್ತಾಗ್ತಿತ್ತು. ದಿನಾ ಒಂದು ಗ್ಲಾಸ್ ವೈನ್ ಕುಡೀತಿದ್ಲು, ಅದನ್ನ ಬಿಡ್ತಿದ್ಲು. ಲಿವರ್ ಇಷ್ಟು ಗಟ್ಟಿಯಾಗೋಕೆ ಬಿಡ್ತಿರ್ಲಿಲ್ಲ. ಬೇಗ ಮದ್ದು ಶುರು ಮಾಡಿದ್ರೆ ಕೆಲಸ ಮಾಡುತ್ತೆ ಅಂತ ಈಗ ಹೇಳ್ತಾರೆ.”

“ಹೇಳು ಅವಳಿಗೆ.”

“ಚಿಕಿತ್ಸೆ ಮುಗೀಲಿ. ಈಗ ಅವಳಿಗೆ ತಡ್ಕೊಳ್ಳೋ ಶಕ್ತಿ ಇಲ್ಲ.”

“ಯಾರಿಗೆ ಶಕ್ತಿ ಇಲ್ಲ, ಅವಳಿಗಾ ನಿನಗಾ?” ಎಂದು ಎನ್ನೊ ಎದ್ದು ಹೋಗಿ ರೇಡಿಯೊ ಹಾಕಿದ.

ಡಿಸೆಂಬರಿನ ಒಂದು ಶುಕ್ರವಾರ, ಮೂವತ್ತೊಂದನೇ ವಾರ. ಹಿಲ್ಕೆ ಹೋದಾಗ ಮಾರೈಕೆ ಅಡುಗೆಮನೆಯ ಮೇಜಿನ ಮೇಲೆ ಕಾಗದಗಳನ್ನು ಹರಡಿಕೊಂಡು ಕೂತಿದ್ದಳು. ತಿರಸ್ಕಾರದ ವಿರುದ್ಧ ಅವಳು ಕೋರ್ಟಿಗೆ ಹೋಗಿದ್ದಳು. ನರ್ಸುಗಳ ಸಂಘದ ವಕೀಲ ಅದನ್ನು ನಡೆಸುತ್ತಿದ್ದ. ಸಂಸ್ಥೆಯ ಕಡೆಯ ಡಾಕ್ಟರರ ಅಭಿಪ್ರಾಯ ಅಂದೇ ಬಂದಿತ್ತು. ಫೆನ್ಯಾ ಕಿಟಕಿಯ ಬಳಿ ನಿಂತಿದ್ದಳು.

“ಓದಿ ಸಿಸ್ಟರ್,” ಎಂದಳು ಮಾರೈಕೆ. “‘ಈ ಕಾಯಿಲೆಯೂ ಅದರ ಚಿಕಿತ್ಸೆಯೂ ಮನಸ್ಸನ್ನು ಕುಗ್ಗಿಸುತ್ತವೆ. ಅಂಥವರು ಕಾಯಿಲೆಗೆ ಕಾರಣ ಹುಡುಕುತ್ತಾ, ಹಿಂದೆ ನಡೆಯದೇ ಇದ್ದದ್ದನ್ನೂ ನಡೆದಂತೆ ನಂಬುವುದುಂಟು.’ ಹೀಗಂತೆ. ಬೆಳಿಗ್ಗೆಯಿಂದ ಯೋಚನೆ ಮಾಡ್ತಿದ್ದೀನಿ, ಇರ್ಬಹುದೇನೋ ಅಂತ. ಬೋಮ್ ಅಂತ ಒಬ್ಬ ಇದ್ದನಾ? ನಾನು ನಿಮ್ಮ ಬಾಗಿಲಿಗೆ ಬಂದಿದ್ದು ನಿಜಾನಾ? ಸೂಪ್ ಆರಿಹೋಗುತ್ತೆ ಅಂತ ನೀವು ಅಂದಿದ್ದು ಕಿವೀಲಿ ಕೇಳುತ್ತೆ. ಆದ್ರೆ ನಿಮಗೆ ನೆನಪಿಲ್ಲ. ನಿಮ್ಮಂಥೋರಿಗೆ ನೆನಪಿಲ್ಲ ಅಂದ್ರೆ ನಾನೇ ಕಟ್ಕೊಂಡ ಕಥೆ ಇರ್ಬೇಕು. ಅರ್ಜಿ ವಾಪಸ್ ತಗೊಳ್ಳೋಣ ಅಂತಿದ್ದೀನಿ. ತಲೆ ಕೆಟ್ಟೋಳು ಅಂತ ಅನ್ನಿಸ್ಕೊಳ್ಳೋದು ಬೇಡ.”

ಹಿಲ್ಕೆಯ ಅಂಗೈಯಲ್ಲಿ ಸೂಜಿ ಬೆಚ್ಚಗಾಗುತ್ತಿತ್ತು. ಆರೋಗ್ಯ ಹೋಯಿತು, ವಾರ್ಡಿನ ಕೆಲಸ ಹೋಯಿತು, ಗಂಡ ಹೋಗುವ ಹಾದಿಯಲ್ಲಿದ್ದ. ಈಗ ತನ್ನ ಒಂದು ಸುಳ್ಳು ಅವಳ ತಲೆಯೊಳಗೆ ಕೈಹಾಕಿ ನೆನಪನ್ನೂ ಕೀಳುತ್ತಿತ್ತು. ಅದನ್ನು ನೋಡುತ್ತಾ ನಿಲ್ಲಲು ಅವಳಿಂದ ಆಗಲಿಲ್ಲ.

“ನೀನು ಬಂದಿದ್ದೆ,” ಎಂದಳು. “ಭಾನುವಾರ. ಎಡಗೈ ಹೆಬ್ಬೆರಳ ಕೆಳಗೆ. ರಿಜಿಸ್ಟರಲ್ಲಿ ಬರೀಬೇಕು ಅಂತ ಎರಡು ಸಲ ಕೇಳ್ದೆ. ನಾನು ಬಿಡ್ಲಿಲ್ಲ. ಪ್ರಶಸ್ತಿಪತ್ರ ಬರೋದಿತ್ತು.”

ಮಾರೈಕೆ ಕೈಯಲ್ಲಿದ್ದ ಕಾಗದವನ್ನು ಮೇಜಿನ ಮೇಲಿಟ್ಟಳು.

“ಇನ್ನೂ ಇದೆ,” ಎಂದಳು ಹಿಲ್ಕೆ. ಈಗ ನಿಲ್ಲಿಸಿದರೆ ಮತ್ತೆಂದೂ ಆಗದು ಎಂದು ಅವಳಿಗೆ ಗೊತ್ತಿತ್ತು. “ಗುರುವಾರ ಬೋಮನ ವರದಿ ಬಂತು. ಅವನಿಗೆ ಹೆಪಟೈಟಿಸ್ ಸಿ ಇತ್ತು. ನಾನು ನೋಡ್ದೆ. ನಿನಗೆ ಹೇಳ್ಲಿಲ್ಲ. ಎಲ್ಲಾ ನೆನಪಿತ್ತು ನನಗೆ, ಆ ಪತ್ರ ಬರೆದಾಗ್ಲೂ.”

ಫೆನ್ಯಾ ಕಿಟಕಿಯಿಂದ ಒಂದು ಹೆಜ್ಜೆ ಮುಂದೆ ಬಂದಳು. ಮಾರೈಕೆ ಕೈಯೆತ್ತಿ ಅವಳನ್ನು ತಡೆದಳು. ಮೇಜಿನ ಮೇಲಿನ ಕಾಗದಗಳನ್ನೆಲ್ಲ ಒಟ್ಟುಮಾಡಿ ಬದಿಗಿಟ್ಟಳು. ಅವಳು ಕೂಗಬಹುದು, ಕೈಗೆ ಸಿಕ್ಕಿದ್ದನ್ನು ಎಸೆಯಬಹುದು ಎಂದು ಹಿಲ್ಕೆ ಕಾದು ನಿಂತಳು. ಅದೇನೂ ಆಗಲಿಲ್ಲ. ಮಾರೈಕೆಯ ದನಿ ವಾರ್ಡಿನಲ್ಲಿ ಡ್ಯೂಟಿ ಒಪ್ಪಿಸುವಾಗಿನಷ್ಟೇ ಸಮವಾಗಿತ್ತು.

“ಹಾಗಾದ್ರೆ ನನ್ ತಲೆ ಸರಿ ಇದೆ.”

“ಸರಿ ಇದೆ.”

“ಆರು ತಿಂಗಳಿಂದ ನನ್ನ ಹೊಟ್ಟೆಗೆ ಚುಚ್ತಾ ಇದ್ದೀರ. ನನ್ ಮುಖ ನೋಡ್ಕೊಂಡು.”

“ಹೌದು.”

“ಇವತ್ತಿನ ಇಂಜೆಕ್ಷನ್ ಕೊಡಿ. ವಾರ ತಪ್ಪಿಸೋ ಹಾಗಿಲ್ಲ.” ಅವಳು ಅಂಗಿಯನ್ನು ಎತ್ತಿದಳು. “ಫೆನ್ಯಾ, ಹತ್ರ ಬಾ. ಅವ್ರು ಹೇಗೆ ಹಿಡೀತಾರೆ ನೋಡ್ಕೊ. ಮುಂದಿನ ವಾರದಿಂದ ನೀನೇ ಕೊಡ್ಬೇಕು.”

ಹುಡುಗಿ ಬಂದು ಪಕ್ಕದಲ್ಲಿ ನಿಂತಳು. ಚರ್ಮ ಎಷ್ಟು ಹಿಡಿಯಬೇಕು, ಸೂಜಿ ಎಷ್ಟು ಓರೆಯಿರಬೇಕು, ಮುಗಿದ ಮೇಲೆ ಮುಚ್ಚಳ ಹಾಕದೆ ನೇರ ಸೂಜಿ ಬಿಸಾಡುವ ಹಳದಿ ಡಬ್ಬಿಗೆ ಹಾಕಬೇಕು ಎಂದು ಹಿಲ್ಕೆ ಒಂದೊಂದಾಗಿ ಹೇಳಿಕೊಟ್ಟಳು.

*

ಆ ವಾರವೇ ಹಿಲ್ಕೆ ಕೋರ್ಟಿಗೆ ಪತ್ರ ಬರೆದಳು. ವಿಚಾರಣೆಗೆ ಬಂದದ್ದು ಒಂದು ವರ್ಷ ಕಳೆದ ಮೇಲೆ, 2007ರ ಫೆಬ್ರವರಿಯಲ್ಲಿ. ಅಷ್ಟರಲ್ಲಿ ಮಾರೈಕೆಯ ನಲವತ್ತೆಂಟು ವಾರ ಮುಗಿದಿತ್ತು. ಮೊದಲು ವೈರಸ್ ಕಾಣುತ್ತಿಲ್ಲ ಎಂದಿದ್ದರು. ಆರು ತಿಂಗಳ ನಂತರದ ಪರೀಕ್ಷೆಯಲ್ಲಿ ಅದು ವಾಪಸ್ಸು ಬಂದಿತ್ತು. ಅವಳು ನೆಲಮಾಳಿಗೆಯ ಕೆಲಸವನ್ನೂ ಬಿಡಬೇಕಾಗಿ ಬಂದಿತ್ತು; ಮಧ್ಯಾಹ್ನ ಎರಡರ ಮೇಲೆ ಕೂತಿರಲು ಮೈ ಒಪ್ಪುತ್ತಿರಲಿಲ್ಲ.

ನ್ಯಾಯಾಧೀಶೆ ಹಿಲ್ಕೆಗೆ ಮಗಳಾಗಬಹುದಾದ ವಯಸ್ಸಿನವಳು. ಹಳೆಯ ಉತ್ತರದ ಹಾಳೆಯನ್ನು ಎತ್ತಿ ತೋರಿಸಿ, “ಈ ಸಹಿ ನಿಮ್ಮದೇನಾ?” ಎಂದು ಕೇಳಿದಳು.

“ನನ್ನದೇ.”

“ಇದ್ರಲ್ಲಿ ಬರೆದಿರೋದು ಸುಳ್ಳು ಅಂತೀರಾ?”

“ಹೌದು.”

“ಆಗ ಸುಳ್ಳು ಬರೆದವ್ರು ಈಗ ನಿಜ ಹೇಳ್ತಿದ್ದೀರ ಅಂತ ಹೇಗೆ ನಂಬೋದು? ಗೆಳತಿಗೆ ಉಪಕಾರ ಮಾಡೋಣ ಅಂತ ಬಂದಿರ್ಬಹುದು.”

ಹಿಲ್ಕೆ ಪಕ್ಕಕ್ಕೆ ನೋಡಿದಳು. ಮಾರೈಕೆ ತನ್ನ ವಕೀಲನ ಪಕ್ಕದಲ್ಲಿ ಕೂತು ಗೋಡೆಯ ಗಡಿಯಾರವನ್ನು ನೋಡುತ್ತಿದ್ದಳು.

“ಅವಳು ನನ್ನ ಗೆಳತಿ ಅಲ್ಲ,” ಎಂದಳು ಹಿಲ್ಕೆ. “ಒಂದು ವರ್ಷದಿಂದ ನನ್ನ ಜೊತೆ ಮಾತಾಡಿಲ್ಲ. ಮಾತಾಡ್ಬೇಕಾಗೂ ಇಲ್ಲ. ಈ ಮಾತಿನಿಂದ ನನಗೆ ಬರೋದು ಏನೂ ಇಲ್ಲ, ಹೋಗೋದು ಎಲ್ಲಾ. ಅಷ್ಟು ಮಾತ್ರ ಹೇಳ್ಬಲ್ಲೆ.”

ಮತ್ತೆ ಆ ಭಾನುವಾರದಿಂದ ಗುರುವಾರದವರೆಗಿನ ಪ್ರತಿಯೊಂದನ್ನೂ, ಬೋಮನ ಕೋಣೆಯಲ್ಲಿ ಇನ್ನೊಬ್ಬ ರೋಗಿಯ ಹಾಸಿಗೆ ಯಾವ ಕಡೆ ಇತ್ತು ಎನ್ನುವವರೆಗೆ ಹೇಳಿದಳು. ಇಪ್ಪತ್ತು ನಿಮಿಷ ಹಿಡಿಯಿತು. ತಜ್ಞ ಡಾಕ್ಟರ್, ರಕ್ತ ಏರಿಸಿದ್ದರಿಂದಲೂ ಬಂದಿರಬಹುದು, ಖಚಿತವಾಗಿ ಯಾರೂ ಹೇಳಲಾರರು ಎಂದ. ಆದರೆ ಸೋಂಕಿದ್ದ ರೋಗಿಯ ರಕ್ತ ತಾಗಿದ ಸೂಜಿ ಚುಚ್ಚಿರುವುದು ನಿಜವಾದರೆ ತೂಕ ಆ ಕಡೆಗೇ ಹೆಚ್ಚು ಎಂದೂ ಹೇಳಿದ. ಕಾಯಿಲೆ ಕೆಲಸದಿಂದಲೇ ಬಂದದ್ದು ಎಂದು ಕೋರ್ಟು ಒಪ್ಪಿತು. ಮಾರೈಕೆಗೆ ಪೆನ್ಷನ್ ಬಂತು, ಚಿಕಿತ್ಸೆಯ ಖರ್ಚನ್ನೆಲ್ಲ ಸಂಸ್ಥೆ ವಹಿಸಿಕೊಂಡಿತು.

ಹೊರಗೆ ಉದ್ದನೆಯ ಪಡಸಾಲೆಯಲ್ಲಿ ವಾರ್ಡಿನ ಇಬ್ಬರು ಹಳೆಯ ನರ್ಸುಗಳು ನಿಂತಿದ್ದರು. ಹಿಲ್ಕೆಯನ್ನು ಕಂಡು ಬೆನ್ನು ತಿರುಗಿಸಿದರು. ಮಾರೈಕೆ ಅವಳ ಎದುರಿಗೇ ಬಂದು ಒಂದು ಕ್ಷಣ ನಿಂತಳು. ಆಮೇಲೆ ಮಗಳ ತೋಳು ಹಿಡಿದು ನಡೆದಳು. ಎನ್ನೊ ಹೆಂಡತಿಯ ಕೋಟನ್ನು ಹಿಡಿದು, “ತೋಳು ಹಾಕು, ಚಳಿ ಇದೆ,” ಎಂದ.

*

ಮುಂದಿನ ಎಂಟು ವರ್ಷ ಹಿಲ್ಕೆಗೆ ಮಾರೈಕೆಯ ಸುದ್ದಿ ಅಲ್ಲಿ ಇಲ್ಲಿ ಬೇರೆಯವರ ಬಾಯಿಂದ ಸಿಗುತ್ತಿತ್ತು. ಯೋರ್ನ್ ಬೇರೆ ಮನೆ ಮಾಡಿದ. ಅವಳು ನೆಲಮಹಡಿಯ ಸಣ್ಣ ಮನೆಗೆ ಬಂದಳು. ಇನ್ನೊಂದು ಸಲ ಅದೇ ಮದ್ದಿನ ಸುತ್ತು ಮಾಡಿ, ಹದಿನೈದನೇ ವಾರಕ್ಕೆ ತಡೆಯಲಾರದೆ ಬಿಟ್ಟಳು. ಹಿಲ್ಕೆ ಪ್ರತಿ ವರ್ಷ ಹೊಸ ವರ್ಷಕ್ಕೆ ಒಂದು ಕಾರ್ಡು ಕಳಿಸುತ್ತಿದ್ದಳು. ಉತ್ತರ ಬರುತ್ತಿರಲಿಲ್ಲ, ಕಾರ್ಡು ವಾಪಸ್ಸೂ ಬರುತ್ತಿರಲಿಲ್ಲ.

2015ರ ಸೆಪ್ಟೆಂಬರಿನಲ್ಲಿ ಒಂದು ಮಧ್ಯಾಹ್ನ ಫೋನು ಬಂತು.

“ಸಿಸ್ಟರ್, ನಾನು ಮಾರೈಕೆ. ವೈರಸ್ ಹೋಯ್ತು. ಹೊಸ ಮಾತ್ರೆ ಬಂದಿದೆಯಲ್ಲ, ದಿನಕ್ಕೊಂದು, ಹನ್ನೆರಡು ವಾರ. ತಲೆನೋವು ಬಿಟ್ರೆ ಏನೂ ಆಗ್ಲಿಲ್ಲ. ಇನ್ನು ವಾಪಸ್ ಬರಲ್ಲ ಅಂತಾರೆ.”

ಎಪ್ಪತ್ನಾಲ್ಕು ವರ್ಷದ ಹಿಲ್ಕೆ ಪಕ್ಕದಲ್ಲಿದ್ದ ಕುರ್ಚಿಯನ್ನು ಎಳೆದುಕೊಂಡು ಕೂತಳು. “ಲಿವರ್?” ಎಂದಳು.

“ಅದು ಕಲ್ಲಾಗಿದೆ. ಆರು ತಿಂಗಳಿಗೊಮ್ಮೆ ಗಡ್ಡೆ ಬಂದಿದೆಯಾ ಅಂತ ನೋಡ್ತಾರೆ. ಹನ್ನೆರಡು ವಾರಕ್ಕೆ ಹೋಗೋ ಕಾಯಿಲೆಗೆ ಇಪ್ಪತ್ತೆರಡು ವರ್ಷ ಕೊಟ್ಟೆ ನಾನು. ಖುಷಿ ಪಡ್ಬೇಕೋ, ಏನೋ, ಗೊತ್ತಾಗ್ತಿಲ್ಲ. ಅಡುಗೆಮನೇಲಿ ಸುಮ್ನೆ ನಿಂತಿರ್ತೀನಿ.” “ಕ್ಷಮಿಸ್ತೀನಿ ಅಂತ ಹೇಳೋಕೆ ಫೋನ್ ಮಾಡಿಲ್ಲ. ಅದು ನನ್ನಿಂದ ಆಗಲ್ಲ, ಕೇಳ್ಬೇಡಿ.”

“ಕೇಳಲ್ಲ.”

“ಬೇರೆ ಕೆಲಸ ಇದೆ. ನರ್ಸಿಂಗ್ ಶಾಲೇಲಿ ಹೊಸ ಮಕ್ಕಳಿಗೆ ವರ್ಷಕ್ಕೊಂದು ಸಲ ಮಾತಾಡೋಕೆ ಕರೀತಾರೆ, ಸೂಜಿ ವಿಷಯ. ಮೂರು ವರ್ಷದಿಂದ ಹೋಗ್ತಿದ್ದೀನಿ. ನನ್ನ ನೋಡಿ ಪಾಪ ಅಂತಾರೆ, ಅಷ್ಟೆ. ಅವ್ರಿಗೆ ಪಾಪ ಅನ್ಸೋದ್ರಿಂದ ಏನೂ ಆಗಲ್ಲ. ಬರೀಬೇಡ ಹೋಗು ಅಂತ ಹೇಳೋ ಹಿರಿಯರು ಹೇಗಿರ್ತಾರೆ ಅಂತ ಅವ್ರು ನೋಡ್ಬೇಕು. ಒಳ್ಳೆಯವ್ರ ಥರಾನೇ ಇರ್ತಾರೆ ಅಂತ ಗೊತ್ತಾಗ್ಬೇಕು. ನೀವು ಬರ್ತೀರಾ?”

“ಯಾವತ್ತು?” ಎಂದಳು ಹಿಲ್ಕೆ.

ಅಕ್ಟೋಬರಿನ ಒಂದು ಬುಧವಾರ, ಮೂವತ್ತು ಹುಡುಗ ಹುಡುಗಿಯರ ಎದುರು ಹಿಲ್ಕೆ ನಿಂತಳು. ಕೋರ್ಟಿನಲ್ಲಿ ಆಗದಷ್ಟು ನಾಚಿಕೆ ಅಲ್ಲಾಯಿತು. ಹೆಬ್ಬೆರಳಿಗೆ ಹಾಸಿಗೆ ಹಾಕಿಸುವ ತಮಾಷೆಯನ್ನು ಹೇಳಿದಾಗ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕು, ಕೂಡಲೇ ಬಾಯಿ ಮುಚ್ಚಿಕೊಂಡರು. “ನಕ್ಕಿದ್ದು ತಪ್ಪಲ್ಲ,” ಎಂದಳು ಹಿಲ್ಕೆ, “ಆವತ್ತೂ ಎಲ್ರೂ ನಕ್ರು.” ಆಮೇಲೆ ವರದಿಯ ವಿಷಯ ಹೇಳಿದಳು. ಮಾರೈಕೆ ಅವಳ ಪಕ್ಕದಲ್ಲೇ ಕೂತು ಎಲ್ಲವನ್ನೂ ಕೇಳಿದಳು, ತನ್ನದಲ್ಲದ ಕಥೆಯನ್ನು ಕೇಳುವಂತೆ.

ತರಗತಿ ಮುಗಿದ ಮೇಲೆ ಒಬ್ಬ ಹುಡುಗಿ ಹಿಂದೆಯೇ ಬಂದಳು. ಹೋದ ವಾರ ತನಗೂ ಚುಚ್ಚಿತ್ತು, ಯಾರಿಗೂ ಹೇಳಿಲ್ಲ, ಈಗ ಹೇಳಿದರೆ ಬೈಯುತ್ತಾರಾ ಎಂದು ತಗ್ಗಿದ ದನಿಯಲ್ಲಿ ಕೇಳಿದಳು. ಹಿಲ್ಕೆಯೂ ಮಾರೈಕೆಯೂ ಒಟ್ಟಿಗೇ, “ಈಗ್ಲೇ ಹೋಗು,” ಎಂದರು.

ಟ್ರಾಮ್ ನಿಲ್ದಾಣದಲ್ಲಿ ಇಬ್ಬರೂ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತರು. ಗಾಳಿಗೆ ಮಾರೈಕೆ ಕೋಟಿನ ಕಾಲರನ್ನು ಮೇಲೆತ್ತಿದಳು. ಅವಳ ಟ್ರಾಮ್ ಮೊದಲು ಬಂತು. ಮೆಟ್ಟಿಲು ಹತ್ತಿ ತಿರುಗಿ, “ಮುಂದಿನ ಅಕ್ಟೋಬರಿಗೂ ಇದೆ,” ಎಂದಳು.

“ಬದುಕಿದ್ರೆ ಬರ್ತೀನಿ.”

“ಬದುಕಿರಿ. ಆ ಪಾತ್ರಕ್ಕೆ ನಂಗೆ ಬೇರೆ ಯಾರೂ ಸಿಗಲ್ಲ.”

ಬಾಗಿಲು ಮುಚ್ಚಿಕೊಂಡಿತು. ಅದನ್ನು ನಗುತ್ತಾ ಹೇಳಿದಳೋ, ನಗದೆ ಹೇಳಿದಳೋ ಹಿಲ್ಕೆಗೆ ಕಾಣಲಿಲ್ಲ. ತನ್ನ ಟ್ರಾಮ್ ಬಂದಾಗ ಅವಳಿಗೆ ತಕ್ಷಣ ಏಳಲಾಗಲಿಲ್ಲ. ಅದು ಹೋಗಿ, ಮುಂದಿನದು ಬರುವವರೆಗೆ ಅಲ್ಲೇ ಕೂತಿದ್ದಳು.